ಕಲ್ಲಿದ್ದಲಿನ ಡೀಸೆಲ್: ಎತ್ತು ಎಲ್ಲಿಂದ ಬಂತು, ಬಿಟ್ಟ ಚಕ್ಕಡಿ ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ಬ್ಯಾಡಗಿಯವನು, ನಾಲ್ಕು ಲಾರಿ ಇಟ್ಟಿದ್ದೇನೆ. ಹಂಗಾಮಿನಲ್ಲಿ ಮೆಣಸಿನಕಾಯಿ ಮುಂಬೈ, ಕೊಚ್ಚಿ ಕಡೆ ಹೋಗುತ್ತದೆ. ಉಳಿದ ತಿಂಗಳು ಹಾವೇರಿ, ರಾಣೆಬೆನ್ನೂರಿನ ಗೋವಿನಜೋಳ ಹೊಡೆಯುತ್ತೇವೆ. ಈ ವರ್ಷ ಮೆಣಸಿನಕಾಯಿ ಕೊಳ್ಳುವ ಒಂದು ರಫ್ತು ಕಂಪನಿಯವರು ಲಾರಿಗಳ ‘ಕಾರ್ಬನ್ ಲೆಕ್ಕ’ ಕೊಡಿ ಅಂದರು. ಧಾರವಾಡದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ, ‘ಕಲ್ಲಿದ್ದಲು, ಗ್ಯಾಸ್‌ನಿಂದಲೇ ಕಡಿಮೆ ಕಾರ್ಬನ್ನಿನ ಡೀಸೆಲ್ ಮಾಡುತ್ತಾರೆ, ಸ್ವಲ್ಪ ವರ್ಷ ಕಾಯೋಣ’ ಅನ್ನುತ್ತಾನೆ. ಕಲ್ಲಿದ್ದಲು ಅಂದರೇನೇ ಹೊಗೆ, ಅದರಿಂದ ಸ್ವಚ್ಛ ಡೀಸೆಲ್ ಹೇಗೆ? ನಮ್ಮ ಲಾರಿಗೆ ಅದು ನಡೆಯುತ್ತದೆಯೇ? ನಮ್ಮ ಕಡೆ ಅಂಥ ಫ್ಯಾಕ್ಟರಿ ಬರಬಹುದೇ?

ಉತ್ತರ: ಮಾಲಕರೇ, ನಿಮ್ಮ ಮಗ ಹೇಳಿದ ತಂತ್ರಜ್ಞಾನ ಇದೆ. ಹೊಸದೇನೂ ಅಲ್ಲ, ನೂರು ವರ್ಷ ಹಳೆಯದು. ಆದರೆ ‘ಸ್ವಚ್ಛ’ ಅನ್ನುವ ಮಾತೂ ‘ಕಡಿಮೆ ಕಾರ್ಬನ್’ ಅನ್ನುವ ಮಾತೂ ಬೇರೆ ಬೇರೆ. ಇವೆರಡನ್ನೂ ಒಂದೇ ಚೀಲದಲ್ಲಿ ತುಂಬಿ ಮಾರುವವರು ಬಹಳ ಜನ ಇದ್ದಾರೆ.

ಹಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಇಂಥ ಡೀಸೆಲ್ಲಿನ ಬಾಟಲಿ ನನ್ನ ಕೈಗೆ ಬಂದಿತ್ತು. ನೀರಿನಷ್ಟು ತಿಳಿ. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆಯೇ ಇಲ್ಲ. ತಂದವರು ಬಿಳಿ ಕರವಸ್ತ್ರದ ಮೇಲೆ ಎರಡು ಹನಿ ಹಾಕಿ ತೋರಿಸಿದರು, ಕಲೆ ಬೀಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಂದು ಲೀಟರ್ ಮಾಡಲು ಎಷ್ಟು ಕಲ್ಲಿದ್ದಲು ಹೋಯಿತು ಅಂತ ಮಾತ್ರ ಯಾರೂ ಕೇಳಲಿಲ್ಲ.

ಸೈಲೆನ್ಸರಿನಿಂದ ಬರುವ ಕಪ್ಪು ಹೊಗೆ ಅಂದರೆ ಮಸಿ. ಗಂಧಕ ಮತ್ತು ಡೀಸೆಲ್ಲಿನೊಳಗಿನ ಕೆಲವು ಭಾರವಾದ ಅಣುಗಳು ಅದನ್ನು ಹೆಚ್ಚಿಸುತ್ತವೆ. ಕಲ್ಲಿದ್ದಲಿನ ಡೀಸೆಲ್ಲಿನಲ್ಲಿ ಇವೆರಡೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹೊಗೆ ಕಡಿಮೆ, ಇದು ನಿಜ. ಆದರೆ ಭೂಮಿ ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಟ್ಯಾಂಕಿನೊಳಗೆ ಎಷ್ಟು ಇಂಗಾಲ ಹೋಯಿತೋ ಅಷ್ಟೂ ಸೈಲೆನ್ಸರಿನಿಂದ ಹೊರಗೆ ಬರುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.68 ಕೆ.ಜಿ. ಆಗುತ್ತದೆ. ಕಚ್ಚಾ ಎಣ್ಣೆಯದ್ದಾಗಲಿ, ಕಲ್ಲಿದ್ದಲಿನದ್ದಾಗಲಿ, ಈ ಅಂಕಿ ಹೆಚ್ಚುಕಡಿಮೆ ಅದೇ. ಅಂದರೆ ಲಾರಿಯಲ್ಲಿ ಉಳಿತಾಯ ಆಗುವ ಪ್ರಶ್ನೆಯೇ ಇಲ್ಲ. ಆಗುವುದಿದ್ದರೆ ಫ್ಯಾಕ್ಟರಿಯಲ್ಲೇ ಆಗಬೇಕು.

ಫ್ಯಾಕ್ಟರಿಯಲ್ಲಿ ಏನಾಗುತ್ತದೆ ಅಂತ ನೋಡೋಣ. 1925ರ ಹೊತ್ತಿಗೆ ಜರ್ಮನಿಯ ಮ್ಯೂಲ್‌ಹೈಮ್ ಊರಿನ ಕಲ್ಲಿದ್ದಲು ಸಂಶೋಧನಾಲಯದಲ್ಲಿ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್ ಕಂಡುಹಿಡಿದ ದಾರಿ ಇದು. ಕಲ್ಲಿದ್ದಲನ್ನು ಪೂರ್ತಿ ಸುಡುವುದಿಲ್ಲ. ಅರೆಬರೆ ಆಮ್ಲಜನಕ, ಹಬೆ ಕೊಟ್ಟು ಅನಿಲ ಮಾಡುತ್ತಾರೆ. ಆ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಇರುತ್ತವೆ. ಅದನ್ನು ಕಬ್ಬಿಣ ಅಥವಾ ಕೋಬಾಲ್ಟ್ ಪುಡಿಯ ಮೇಲೆ 200 ಡಿಗ್ರಿಗೂ ಮೇಲಿನ ಶಾಖದಲ್ಲಿ ಹಾಯಿಸಿದರೆ ಇಂಗಾಲದ ಸರಪಳಿ ಬೆಳೆದು ಮೇಣದಂಥ ವಸ್ತು ಬರುತ್ತದೆ. ಮೇಣವನ್ನು ಒಡೆದರೆ ಡೀಸೆಲ್. ಗಂಧಕ ತಾಗಿದರೆ ಆ ಪುಡಿ ಕೆಲಸ ಬಿಡುತ್ತದೆ, ಅದಕ್ಕೇ ಅನಿಲವನ್ನು ಮೊದಲೇ ತೊಳೆದಿರುತ್ತಾರೆ. ಬಾಟಲಿ ತಿಳಿಯಾಗಿ ಕಾಣುವುದರ ಗುಟ್ಟು ಅಷ್ಟೇ. ಕಚ್ಚಾ ಎಣ್ಣೆ ಸಿಗದ ಜರ್ಮನಿ ಎರಡನೇ ಮಹಾಯುದ್ಧದಲ್ಲಿ ಇದನ್ನು ಬಳಸಿತು. ಆಮೇಲೆ ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ 1955ರಿಂದ ಮಾಡುತ್ತಾ ಬಂದಿದೆ.

ಇಲ್ಲಿ ಒಂದು ಲೆಕ್ಕ ಬರುತ್ತದೆ, ಅದು ತಿಳಿದರೆ ಉಳಿದಿದ್ದೆಲ್ಲ ತಾನೇ ತಿಳಿಯುತ್ತದೆ. ಇಂಗಾಲದ ಒಂದು ಪರಮಾಣುವನ್ನು ಒಂದು ಚಕ್ಕಡಿ ಅಂದುಕೊಳ್ಳಿ. ಹೈಡ್ರೋಜನ್ ಅಂದರೆ ಎತ್ತು. ಡೀಸೆಲ್ ಆಗಬೇಕಾದರೆ ಪ್ರತಿ ಚಕ್ಕಡಿಗೂ ಹತ್ತಿರ ಹತ್ತಿರ ಒಂದು ಜೋಡಿ ಎತ್ತು ಬೇಕು. ಕಲ್ಲಿದ್ದಲಿನಲ್ಲಿ ಹತ್ತು ಚಕ್ಕಡಿಗೆ ಇರುವುದು ಸುಮಾರು ಎಂಟು ಎತ್ತು! ಉಳಿದ ಎತ್ತು ನೀರಿನಿಂದ ಬರಬೇಕು. ನೀರು ಪುಕ್ಕಟೆ ಕೊಡುವುದಿಲ್ಲ. ಒಂದು ಜೋಡಿ ಎತ್ತು ಬಿಡಿಸಿಕೊಳ್ಳಬೇಕಾದರೆ ಒಂದು ಚಕ್ಕಡಿಯನ್ನು ಆಮ್ಲಜನಕಕ್ಕೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದ ಚಕ್ಕಡಿಯೇ ಕಾರ್ಬನ್ ಡೈಆಕ್ಸೈಡ್.

ಹೀಗೆ ಬಿಡುತ್ತಾ ಬಿಡುತ್ತಾ, ಕಲ್ಲಿದ್ದಲಿನ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಫ್ಯಾಕ್ಟರಿಯಲ್ಲೇ ಹೋಗುತ್ತದೆ. ಡೀಸೆಲ್ ಆಗಿ ನಿಮ್ಮ ಟ್ಯಾಂಕಿಗೆ ಬರುವುದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಈಗ ಪಂಪ್‌ನಲ್ಲಿ ಸಿಗುವ ಡೀಸೆಲ್ಲಿಗೆ ಬಾವಿಯಿಂದ ಸೈಲೆನ್ಸರ್‌ವರೆಗೆ ಎಲ್ಲ ಸೇರಿಸಿದರೆ ಲೀಟರಿಗೆ ಸುಮಾರು 3.4 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಲೆಕ್ಕ ಬರುತ್ತದೆ. ಫ್ಯಾಕ್ಟರಿಯದ್ದನ್ನು ಗಾಳಿಗೆ ಬಿಟ್ಟರೆ ಕಲ್ಲಿದ್ದಲಿನ ಡೀಸೆಲ್ಲಿಗೆ ಅದು ಹತ್ತಿರ ಹತ್ತಿರ ಎರಡು ಪಟ್ಟು. ಸಾಸೋಲ್‌ನ ಸೆಕುಂಡಾ ಫ್ಯಾಕ್ಟರಿಯೊಂದೇ ವರ್ಷಕ್ಕೆ 5 ಕೋಟಿ ಟನ್ನಿಗೂ ಜಾಸ್ತಿ ಬಿಡುತ್ತದೆ. ಅಮೆರಿಕದಲ್ಲಿ 2007ರ ಕಾನೂನೊಂದರ 526ನೇ ಕಲಮಿನಲ್ಲಿ, ಮಾಮೂಲಿ ಎಣ್ಣೆಗಿಂತ ಜಾಸ್ತಿ ಕಾರ್ಬನ್ ಇರುವ ಬದಲಿ ಇಂಧನವನ್ನು ಕೇಂದ್ರ ಸರ್ಕಾರದ ಇಲಾಖೆಗಳು ಕೊಳ್ಳಬಾರದು ಅಂತ ಬರೆದರು. ಕಲ್ಲಿದ್ದಲಿನ ಡೀಸೆಲ್ಲಿಗೆ ಅದು ದೊಡ್ಡ ಅಡ್ಡಿಯಾಯಿತು.

ಹಾಗಾದರೆ ‘ಕಡಿಮೆ ಕಾರ್ಬನ್’ ಮಾತು ಎಲ್ಲಿಂದ ಬಂತು? ಇಲ್ಲೊಂದು ಒಳ್ಳೆಯ ಸಂಗತಿಯೂ ಇದೆ. ವಿದ್ಯುತ್ ಸ್ಥಾವರದ ಚಿಮಣಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬೇರೆ ಗಾಳಿಯ ಜೊತೆ ಕಲೆತಿರುತ್ತದೆ. ಅದನ್ನು ಬೇರೆ ಮಾಡುವುದು ದುಬಾರಿ ಕೆಲಸ. ಡೀಸೆಲ್ ಮಾಡುವ ಫ್ಯಾಕ್ಟರಿಯಲ್ಲಿ ಹಾಗಲ್ಲ. ಸರಪಳಿ ಕಟ್ಟುವ ಮೊದಲು ಅದನ್ನು ಹೇಗೂ ತೆಗೆಯಲೇಬೇಕು. ಬೇರೆಯಾಗಿ, ಶುದ್ಧವಾಗಿ ಒಂದು ಪೈಪಿನಲ್ಲಿ ಬಂದು ನಿಂತಿರುತ್ತದೆ. ಒತ್ತಡ ಹಾಕಿ ನೆಲದಡಿ ತಳ್ಳುವುದಷ್ಟೇ ಬಾಕಿ. ತಳ್ಳಿದರೆ ಕಲ್ಲಿದ್ದಲಿನ ಡೀಸೆಲ್ ಮಾಮೂಲಿ ಡೀಸೆಲ್ಲಿಗೆ ಸಮ ಬರುತ್ತದೆ, ಎಲ್ಲ ಚೆನ್ನಾಗಿ ನಡೆದರೆ ಸ್ವಲ್ಪ ಕೆಳಗೂ ಇಳಿಯುತ್ತದೆ.

ಎರಡು ಪಟ್ಟಿದ್ದದ್ದು ಇಷ್ಟೆಲ್ಲ ಮಾಡಿದ ಮೇಲೆ ಸಮಕ್ಕೆ ಬಂದು ನಿಲ್ಲುತ್ತದೆ, ನೋಡಿ. ಮಗನಿಗೆ ಇದನ್ನು ಕೂತು ಹೇಳಿ.

ಇನ್ನು, ನೆಲದಡಿ ತಳ್ಳಿದವರು ಎಷ್ಟು ಜನ? ಅಮೆರಿಕದ ನಾರ್ತ್ ಡಕೋಟಾದಲ್ಲಿ ಕಲ್ಲಿದ್ದಲಿನಿಂದ ಅನಿಲ ಮಾಡುವ ಒಂದು ಹಳೆಯ ಘಟಕವಿದೆ. 2000ದಿಂದ ಅದು ತನ್ನ ಕಾರ್ಬನ್ ಡೈಆಕ್ಸೈಡ್‌ನ ಒಂದು ಪಾಲನ್ನು 300 ಕಿ.ಮೀ.ಗೂ ಉದ್ದದ ಪೈಪಿನಲ್ಲಿ ಕೆನಡಾದ ವೇಬರ್ನ್ ತೈಲ ಕ್ಷೇತ್ರಕ್ಕೆ ಕಳಿಸುತ್ತಾ ಬಂದಿದೆ. ಅನಿಲ ನೆಲದಡಿ ಉಳಿಯುತ್ತದೆ ಅಂತ ಅಲ್ಲಿ ಅಳೆದು ನೋಡಿದ್ದಾರೆ. ಆದರೆ ಅದನ್ನು ತಳ್ಳುವುದೇ ಮುದಿ ಬಾವಿಯಿಂದ ಇನ್ನಷ್ಟು ಎಣ್ಣೆ ತೆಗೆಯಲಿಕ್ಕೆ. ಹಾಗೆ ಬಂದ ಎಣ್ಣೆಯ ಲೆಕ್ಕ ಯಾರ ಖಾತೆಗೆ? ಈ ಜಗಳ ಇನ್ನೂ ಮುಗಿದಿಲ್ಲ. ಚೀನಾದ ಓರ್ಡೋಸ್‌ನಲ್ಲಿ ಕಲ್ಲಿದ್ದಲಿನಿಂದ ಎಣ್ಣೆ ಮಾಡುವ ಶೆನ್ಹುವಾ ಘಟಕ 2011ರಿಂದ ಕೆಲವು ವರ್ಷ ಪ್ರಯೋಗ ಮಾಡಿ ಒಟ್ಟು ಸುಮಾರು 3 ಲಕ್ಷ ಟನ್ ತಳ್ಳಿತು. ಆ ಘಟಕ ಗಾಳಿಗೆ ಬಿಡುವುದರ ಮುಂದೆ ಅದು ಸಣ್ಣ ಪಾಲು.

ಗ್ಯಾಸ್‌ನ ಕಥೆ ಸುಲಭ. ಗ್ಯಾಸ್ ಅಂದರೆ ಬಹುಪಾಲು ಮೀಥೇನ್, ಅದರಲ್ಲಿ ಒಂದು ಚಕ್ಕಡಿಗೆ ನಾಲ್ಕು ಎತ್ತು, ಎತ್ತಿಗೆ ಬರವಿಲ್ಲ. ಕತಾರ್‌ನಲ್ಲಿ ಶೆಲ್ ಕಂಪನಿಯ ಪರ್ಲ್ ಘಟಕ 2011ರಿಂದ ಗ್ಯಾಸನ್ನೇ ಡೀಸೆಲ್, ಸೀಮೆಎಣ್ಣೆ, ಲೂಬ್ರಿಕೆಂಟ್ ಎಣ್ಣೆ ಮಾಡುತ್ತಿದೆ, ದಿನಕ್ಕೆ 1,40,000 ಬ್ಯಾರೆಲ್ ಸಾಮರ್ಥ್ಯ. ಆದರೂ ಅನಿಲವನ್ನು ಎಣ್ಣೆ ಮಾಡುವಾಗ ಶಕ್ತಿ ಸೋರುತ್ತದೆ. ಕೊನೆಗೆ ಇದೂ ಮಾಮೂಲಿ ಡೀಸೆಲ್ಲಿನ ಆಸುಪಾಸಿಗೇ ಬರುತ್ತದೆ. ಒಂದು ಕಡೆ ಮಾತ್ರ ನಾನು ಮನಸ್ಸು ಬಿಚ್ಚಿ ಹೌದು ಅನ್ನುತ್ತೇನೆ: ತೈಲ ಬಾವಿಗಳ ತಲೆಯ ಮೇಲೆ ಸುಮ್ನೆ ಉರಿಸಿ ಹಾಳು ಮಾಡುವ ಗ್ಯಾಸ್. ಜಗತ್ತಿನಲ್ಲಿ ವರ್ಷಕ್ಕೆ 14,000 ಕೋಟಿ ಘನ ಮೀಟರಿಗೂ ಜಾಸ್ತಿ ಹೀಗೆ ಹೋಗುತ್ತದೆ. ಹೇಗೂ ಉರಿಯುವುದನ್ನು ಸಣ್ಣ ಘಟಕದಲ್ಲಿ ಡೀಸೆಲ್ ಮಾಡಿದರೆ ಅದು ನಿಜವಾದ ಉಳಿತಾಯ.

ಗ್ಯಾಸನ್ನು ಡೀಸೆಲ್ ಮಾಡದೆ ಹಾಗೇ ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿದರೆ ಎಲ್‌ಎನ್‌ಜಿ, ಅದೂ ದ್ರವ ಇಂಧನವೇ. ಎಲ್‌ಎನ್‌ಜಿ ಲಾರಿಗಳು ನಮ್ಮ ದೇಶದಲ್ಲೂ ಓಡುತ್ತಿವೆ. ಸೈಲೆನ್ಸರಿನಲ್ಲಿ ಶೇ. 10ರಿಂದ 20ರಷ್ಟು ಕಾರ್ಬನ್ ಕಡಿಮೆ. ಆದರೆ ಮೀಥೇನ್ ಸೋರಬಾರದು. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 28 ಪಟ್ಟು ಜಾಸ್ತಿ ಬಿಸಿ ಮಾಡುವಂಥದ್ದು. ಟ್ಯಾಂಕು, ಎಂಜಿನ್ನು, ಪೈಪು ಎಲ್ಲೋ ಸ್ವಲ್ಪ ಸೋರಿದರೂ ಉಳಿಸಿದ್ದು ಅಲ್ಲೇ ಕರಗುತ್ತದೆ. ನಿಮ್ಮ ಹಳೆಯ ಲಾರಿಗೆ ಇದು ಕೂಡುವುದೂ ಇಲ್ಲ, ಲಾರಿಯೇ ಬೇರೆ ಬೇಕು.

ನಿಜವಾಗಿ ಅಂಕಿ ಇಳಿಸುವ ದಾರಿ ಎರಡಿವೆ. ಎರಡಕ್ಕೂ ಬೇಕಾದದ್ದು ನಮ್ಮ ಕಡೆಯೇ ಸಿಗುತ್ತದೆ ಅನ್ನುವುದು ವಿಚಿತ್ರ. ಮೊದಲನೆಯದು, ಕಲ್ಲಿದ್ದಲಿನ ಜೊತೆ ಹತ್ತಿ ಕಟ್ಟಿಗೆ, ಗೋವಿನಜೋಳದ ದಂಟು ಇಂಥವನ್ನು ಸೇರಿಸಿ ಅನಿಲ ಮಾಡುವುದು. ಗಿಡದೊಳಗಿನ ಇಂಗಾಲ ಗಾಳಿಯಿಂದಲೇ ಬಂದದ್ದು. ಅದರಲ್ಲಿ ಒಂದು ಪಾಲನ್ನು ನೆಲದಡಿ ಹೂತರೆ ಗಾಳಿಯಿಂದ ತೆಗೆದು ಹೂತಂತೆ. ಗಿಡದ ಪಾಲು ಹೆಚ್ಚಿದಷ್ಟೂ ಲೀಟರಿನ ಅಂಕಿ ಇಳಿಯುತ್ತದೆ. ಆದರೆ ಹತ್ತಿ ಕಟ್ಟಿಗೆಯನ್ನು ಹೇರಿಕೊಂಡು ಹೋಗುವುದು ಅಂದರೇನು ಅಂತ ನನಗಿಂತ ನಿಮಗೆ ಗೊತ್ತು. ಲಾರಿ ಉಬ್ಬಿ ರಸ್ತೆ ತುಂಬಾ ಕಾಣುತ್ತದೆ, ತೂಕ ನೋಡಿದರೆ ಏನೂ ಇಲ್ಲ. ಒಡಿಶಾದ ಗಣಿಯವರೆಗೆ ಅದನ್ನು ಸಾಗಿಸುವುದು ಹುಚ್ಚು ಕೆಲಸ. ಗೋವಿನಜೋಳದ ದಂಟಿಗೆ ದನಗಳೂ ಕಾಯುತ್ತಿರುತ್ತವೆ.

ಎರಡನೆಯದು, ಎತ್ತುಗಳನ್ನು ಹೊರಗಿನಿಂದ ತರುವುದು. ಗದಗದ ಕಪ್ಪತಗುಡ್ಡದ ಕಡೆ ಹೋದಾಗ ಗಾಳಿಯಂತ್ರಗಳ ಸಾಲು ನೋಡಿರುತ್ತೀರಿ. ಆ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡಿ ಕಲ್ಲಿದ್ದಲಿನ ಅನಿಲಕ್ಕೆ ಸೇರಿಸಿದರೆ, ಚಕ್ಕಡಿ ಬಿಟ್ಟುಕೊಡುವ ಪ್ರಮೇಯವೇ ಕಡಿಮೆ. ಫ್ಯಾಕ್ಟರಿ ಬಿಡುವ ಕಾರ್ಬನ್ ಡೈಆಕ್ಸೈಡ್ ಬಹುಪಾಲು ತಪ್ಪುತ್ತದೆ. ಓದಲಿಕ್ಕೆ ಚೆಂದ. ನಾನು ಕಾಗದದ ಮೇಲೆ ಅಂದಾಜು ಹಾಕಿ ನೋಡಿದೆ. ಒಂದು ಕೆ.ಜಿ. ಹೈಡ್ರೋಜನ್‌ಗೆ 50 ಯೂನಿಟ್ಟಿಗೂ ಜಾಸ್ತಿ ಕರೆಂಟ್ ಬೇಕು. ಹಾಗಾಗಿ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 8 ಯೂನಿಟ್ ಬೀಳುತ್ತದೆ. ಆ ಒಂದು ಲೀಟರಿನಲ್ಲಿ ನಿಮ್ಮ ಲಾರಿ 4 ಕಿ.ಮೀ. ಹೋಗುತ್ತದೆ. ಅದೇ 8 ಯೂನಿಟ್ಟನ್ನು ಅಷ್ಟೇ ಭಾರದ ಬ್ಯಾಟರಿ ಲಾರಿಗೆ ಕೊಟ್ಟರೆ 6 ಕಿ.ಮೀ. ಆಸುಪಾಸು ಹೋಗುತ್ತದೆ, ಕಲ್ಲಿದ್ದಲಿಲ್ಲದೆ. ವಿಮಾನಕ್ಕೆ ಬ್ಯಾಟರಿ ಭಾರವಾಗುತ್ತದೆ, ಅಲ್ಲಿ ದ್ರವ ಇಂಧನಕ್ಕೆ ಇಷ್ಟು ಖರ್ಚು ಮಾಡುವುದಕ್ಕೆ ಅರ್ಥವಿದೆ. ಹಾವೇರಿಯಿಂದ ಹುಬ್ಬಳ್ಳಿಗೆ ಜೋಳ ಹೊಡೆಯುವ ಲಾರಿಗೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಏನಾಗುತ್ತಿದೆ ಅಂತ ಮಗ ಕೇಳಬಹುದು. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲ ಮಾಡಬೇಕು ಅಂತ ಕೇಂದ್ರ ಸರ್ಕಾರ ಗುರಿ ಇಟ್ಟಿದೆ. 2024ರ ಜನವರಿಯಲ್ಲಿ 8,500 ಕೋಟಿ ರೂಪಾಯಿಯ ನೆರವಿಗೆ ಒಪ್ಪಿಗೆಯೂ ಆಯಿತು. ಇದರ ಹಿಂದಿರುವ ಮುಖ್ಯ ಯೋಚನೆ ಆಮದು ತಗ್ಗಿಸುವುದು. ಗೊಬ್ಬರ, ಮೆಥನಾಲ್ ಅನ್ನುವ ದ್ರವ ಇಂಧನ ಇಲ್ಲೇ ಆಗಲಿ ಅನ್ನುವುದು. ಅದು ನ್ಯಾಯವಾದ ಕಾರಣವೇ. ಆದರೆ ಕಾರ್ಬನ್ ತಗ್ಗಿಸುವುದು ಬೇರೆ ಕೆಲಸ, ಇದರ ಜೊತೆ ತಾನಾಗಿ ಬರುವುದಿಲ್ಲ. ನಮ್ಮ ಕಲ್ಲಿದ್ದಲಿನ ಇನ್ನೊಂದು ತೊಂದರೆ ಬೂದಿ. ನೂರು ಕೆ.ಜಿ.ಯಲ್ಲಿ 30ರಿಂದ 45 ಕೆ.ಜಿ. ಬೂದಿಯೇ. ಕಲ್ಲಿದ್ದಲನ್ನು ಅನಿಲ ಮಾಡುವ ಹೊರದೇಶದ ಯಂತ್ರಗಳಿಗೆ, ಅಂದರೆ ಗ್ಯಾಸಿಫೈಯರ್‌ಗಳಿಗೆ, ಇಷ್ಟು ಬೂದಿ ಅಭ್ಯಾಸವಿಲ್ಲ. ಈ ಬೂದಿ ಕಲ್ಲಿದ್ದಲಿಗೇ ಅಂತ ಕೇಂದ್ರ ಸರ್ಕಾರದ ಕಂಪನಿ ಬಿಎಚ್‌ಇಎಲ್‌ನವರು ಹೈದರಾಬಾದಿನಲ್ಲಿ ಸ್ವಂತ ಗ್ಯಾಸಿಫೈಯರ್ ಮಾಡಿ, 2021ರಲ್ಲಿ ದಿನಕ್ಕೆ ಕಾಲು ಟನ್ ಮೆಥನಾಲ್ ತೆಗೆದು ತೋರಿಸಿದರು. ಒಳ್ಳೆಯ ಕೆಲಸ. ಕಾಲು ಟನ್ ಅಂದರೆ ಒಂದೂವರೆ ಡ್ರಮ್ಮು.

ಮೆಥನಾಲ್ ಡೀಸೆಲ್ ಎಂಜಿನ್ನಿಗೆ ಹಾಗೇ ಸುರಿಯುವಂಥದ್ದಲ್ಲ. ವಿಷ, ಮೇಲಾಗಿ ಲೀಟರಿಗೆ ಡೀಸೆಲ್ಲಿನ ಅರ್ಧಕ್ಕಿಂತ ಕಡಿಮೆ ಶಕ್ತಿ. ಅದರಿಂದ ಮಾಡುವ ಡಿಎಂಇ ಅನ್ನುವ ಇಂಧನ ಡೀಸೆಲ್ ಎಂಜಿನ್ನಿನಲ್ಲಿ ಮಸಿಯಿಲ್ಲದೆ ಉರಿಯುತ್ತದೆ. ಆದರೆ ಅಡುಗೆ ಸಿಲಿಂಡರಿನಂತೆ ಒತ್ತಡದ ಟ್ಯಾಂಕ್ ಬೇಕು.

ಇನ್ನು ಫ್ಯಾಕ್ಟರಿ ನಮ್ಮ ಕಡೆ ಬರುವುದೇ? ನನಗೆ ಕಾಣುವಂತೆ ಇಲ್ಲ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿಯಿಲ್ಲ, ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೂ ಹೊರಗಿನಿಂದಲೇ ರೈಲಿನಲ್ಲಿ ಬರುತ್ತದೆ. ಈ ಘಟಕಗಳು ಒಂದು ಲೀಟರ್ ಎಣ್ಣೆಗೆ ಹಲವು ಲೀಟರ್ ನೀರು ಕುಡಿಯುತ್ತವೆ. ಕುಡಿಯುವ ನೀರಿಗೆ ವಾರಗಟ್ಟಲೆ ಕಾದ ಹುಬ್ಬಳ್ಳಿ-ಧಾರವಾಡದವರ ಮುಂದೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಪೈಪ್ ಧಾರವಾಡ ಜಿಲ್ಲೆಯಲ್ಲೇ ಹಾದಿದೆ ನಿಜ. ಆದರೆ ಆ ಗ್ಯಾಸನ್ನು ಅಡುಗೆಮನೆಗೂ ಕಾರ್ಖಾನೆಯ ಒಲೆಗೂ ಹಾಗೇ ಕೊಡುವುದೇ ಲಾಭ.

ಕಾರ್ಬನ್ ಹೂಳಲು ಜಾಗವೂ ನೋಡಬೇಕಲ್ಲ. ಧಾರವಾಡದ ಕಲ್ಲು ಭೂವಿಜ್ಞಾನದಲ್ಲಿ ಲೋಕಪ್ರಸಿದ್ಧ, ಊರಿನ ಹೆಸರನ್ನೇ ಇಟ್ಟಿದ್ದಾರೆ. ಆದರೆ ಇನ್ನೂರು ಕೋಟಿ ವರ್ಷಕ್ಕೂ ಹಳೆಯ ಈ ಗಟ್ಟಿ ಕಲ್ಲಿನಲ್ಲಿ ಅನಿಲ ಹೀರಿಕೊಳ್ಳುವ ಸಂದುಗಳಿಲ್ಲ. ಬೆಳಗಾವಿ, ವಿಜಯಪುರದ ಕಡೆ ಹೋದರೆ ದಖನ್ನಿನ ಕಪ್ಪುಕಲ್ಲು, ಬಸಾಲ್ಟ್, ಸಿಗುತ್ತದೆ. ಐಸ್‌ಲ್ಯಾಂಡಿನಲ್ಲಿ ಕಾರ್ಬ್‌ಫಿಕ್ಸ್ ಯೋಜನೆಯವರು 2012ರಲ್ಲಿ ಇಂಥ ಕಲ್ಲಿಗೇ ಕಾರ್ಬನ್ ಡೈಆಕ್ಸೈಡ್ ತಳ್ಳಿದರು. ಎರಡು ವರ್ಷದೊಳಗೆ ಶೇ. 95ಕ್ಕೂ ಜಾಸ್ತಿ ಪಾಲು ಕಲ್ಲಾಗಿಯೇ ಹೋಗಿತ್ತು! ಓದಿದಾಗ ನನಗೂ ರೋಮಾಂಚನವಾಯಿತು. ಆಮೇಲೆ ಗೊತ್ತಾಯಿತು, ಸೋಡಾ ಮಾಡಿದಂತೆ ಅದನ್ನು ನೀರಿನಲ್ಲಿ ಕರಗಿಸಿಯೇ ತಳ್ಳಬೇಕು. ಒಂದು ಟನ್ನಿಗೆ 20 ಟನ್ನಿಗೂ ಜಾಸ್ತಿ ನೀರು. ಮತ್ತೆ ಅದೇ ನೀರಿನ ಮಾತು.

ಈಗ ನಿಮ್ಮ ಲಾರಿ. ನಾಳೆಯೇ ಯಾರಾದರೂ ಪರ್ಲ್ ಅಥವಾ ಸಾಸೋಲ್ ತರಹದ ಅಸಲಿ ಡೀಸೆಲ್ ತಂದರೆ ಎಂಜಿನ್ ಬದಲಿಸಬೇಕಿಲ್ಲ. ಅದು ಬೇಗ ಹೊತ್ತಿಕೊಳ್ಳುತ್ತದೆ, ಎಂಜಿನ್ ಸದ್ದೂ ಮೆತ್ತಗಾಗುತ್ತದೆ. ತೂಕ ಹಗುರ, ಹಾಗಾಗಿ ಲೀಟರಿನ ಮೈಲೇಜ್ ಶೇ. 4-5ರಷ್ಟು ಇಳಿಯಬಹುದು. ಪಂಪಿಗೆ ಜಾರುಗುಣ ಕೊಡುವ ಮದ್ದು ಬೆರೆಸಿರಬೇಕು. ಅಸಲಿಯ ಮಾತಾಯಿತು. ಹೆದ್ದಾರಿ ಬದಿಯಲ್ಲಿ ‘ಗ್ರೀನ್ ಡೀಸೆಲ್’, ‘ಲೋ ಕಾರ್ಬನ್ ಡೀಸೆಲ್’ ಅಂತ ಬ್ಯಾರೆಲ್ಲಿನಲ್ಲಿ ಅಗ್ಗಕ್ಕೆ ಕೊಡುತ್ತೇವೆ ಅನ್ನುವವರ ಕಥೆ ಬೇರೆ. ಹಳೆ ಟೈರು, ಪ್ಲಾಸ್ಟಿಕ್ ಕಾಯಿಸಿ ತೆಗೆದ ಎಣ್ಣೆಯನ್ನೇ ಹೀಗೆ ಮಾರುವುದುಂಟು. ಅದರಲ್ಲಿ ಗಂಧಕ ಎಷ್ಟಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. 2020ರ ಏಪ್ರಿಲ್‌ನಿಂದ ಪಂಪ್‌ನ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲಿಗಿಂತ ಜಾಸ್ತಿ ಇರುವಂತಿಲ್ಲ, ಬಿಎಸ್-6 ಲಾರಿಯ ಫಿಲ್ಟರುಗಳು ಅದನ್ನು ನಂಬಿಯೇ ಕೂತಿವೆ. ಡೀಸೆಲ್ಲಿನ ಭಾರತೀಯ ಮಾನಕ ಐಎಸ್ 1460 ಪ್ರಕಾರದ ಪರೀಕ್ಷಾ ವರದಿ ಕೇಳಿ. ಕೊಡದಿದ್ದರೆ ಲಾರಿ ಮುಂದಕ್ಕೆ ಬಿಡಿ. ವರದಿ ಕೊಟ್ಟು ಕಾರ್ಬನ್ನೂ ಕಡಿಮೆ ಅಂದರೆ ಎರಡು ಪ್ರಶ್ನೆ ಕೇಳಿ: ಎತ್ತು ಎಲ್ಲಿಂದ ತಂದಿರಿ, ಬಿಟ್ಟ ಚಕ್ಕಡಿ ಎಲ್ಲಿ ಹೂತಿರಿ?

ಕಂಪನಿಯವರು ಕೇಳಿದ ಲೆಕ್ಕಕ್ಕೆ ಕಾಯುವ ಅಗತ್ಯವಿಲ್ಲ, ಇವತ್ತೇ ಬರೆದು ಕೊಡಬಹುದು. ಬ್ಯಾಡಗಿಯಿಂದ ಮುಂಬೈಗೆ 650 ಕಿ.ಮೀ. ಅಂತ ಇಟ್ಟುಕೊಳ್ಳೋಣ. ಲೀಟರಿಗೆ 4 ಕಿ.ಮೀ.ನಂತೆ 162 ಲೀಟರ್. ಮೆಣಸಿನಕಾಯಿ ಉಬ್ಬುವ ಮಾಲು, 15 ಟನ್ ಹಿಡಿಯಿತು ಅನ್ನೋಣ. ಖಾಲಿ ವಾಪಸ್ ಬಂದರೆ ಲೀಟರಿಗೆ 6 ಕಿ.ಮೀ.ನಂತೆ ಇನ್ನೂ 108 ಲೀಟರ್. ಒಟ್ಟು 270 ಲೀಟರನ್ನು 2.68ರಿಂದ ಗುಣಿಸಿ 15ಕ್ಕೆ ಹಂಚಿದರೆ ಟನ್ ಮೆಣಸಿನಕಾಯಿಗೆ ಸುಮಾರು 48 ಕೆ.ಜಿ. ಅದೇ ಲಾರಿ ಮುಂಬೈಯಿಂದ 15 ಟನ್ ವಾಪಸ್ ಬಾಡಿಗೆ ಹಿಡಿದು ಬಂದರೆ, 324 ಲೀಟರ್ 30 ಟನ್ನಿಗೆ ಹಂಚಿಕೆಯಾಗಿ ಟನ್ನಿಗೆ 29 ಕೆ.ಜಿ.ಗೆ ಇಳಿಯುತ್ತದೆ. ಮೇಲೆ ಹೇಳಿದ ಕಲ್ಲಿದ್ದಲಿನ ಡೀಸೆಲ್ ಎಲ್ಲ ಹೂತು ಮುಚ್ಚಿದರೂ ಇಷ್ಟು ಇಳಿಸುವುದಿಲ್ಲ. ಅಮರಗೋಳದ ಎಪಿಎಂಸಿ ಮುಂದೆ ಎಂಜಿನ್ ಚಾಲೂ ಇಟ್ಟು ಚಹಾ ಕುಡಿಯುವ ಡ್ರೈವರುಗಳನ್ನು ನಾನು ದಿನಾ ನೋಡುತ್ತೇನೆ, ಅದೂ ಗಂಟೆಗೆ ಸುಮಾರು 2 ಲೀಟರ್.

ಲೆಕ್ಕ ಕೊಡುವಾಗ ಒಂದು ಎಚ್ಚರ. 2.68 ಬರೀ ಸೈಲೆನ್ಸರಿನ ಅಂಕಿ. ಕೆಲವು ಕಂಪನಿಯವರು ಬಾವಿಯಿಂದ ಹಿಡಿದು ಎಲ್ಲ ಸೇರಿದ 3.4ರ ಅಂಕಿ ಕೇಳುತ್ತಾರೆ. ಯಾವುದು ಬೇಕು ಅಂತ ಬರವಣಿಗೆಯಲ್ಲಿ ಕೇಳಿ, ಹಾಕಿದ ಅಂಕಿ ಯಾವುದೆಂದು ಹಾಳೆಯ ಮೇಲೇ ಬರೆಯಿರಿ. ವಾಪಸ್ ಬಾಡಿಗೆಯ ಬಿಲ್ಟಿಗಳ ನಕಲು ಇಟ್ಟುಕೊಳ್ಳಿ, ಮುಂದಿನ ಹಂಗಾಮಿನಲ್ಲಿ ಅವನ್ನೇ ಕೇಳುತ್ತಾರೆ.